ಹನ್ನೆರಡು ಸೆಂಟಿಮೀಟರ್ ಉಕ್ಕು

"ನಮ್ಮೋರು ಅಳತೆ ತಪ್ಪೋರಲ್ಲ ಅಕ್ಕಾ," ಎಂದಳು ವೆಲ್ಡರನ ಹೆಂಡತಿ. ಕುರ್ಚಿ ಕೊಟ್ಟರೂ ಕೂರಲಿಲ್ಲ. "ಅವರನ್ನ ಜೈಲಿಗೆ ಹಾಕ್ತಾರಂತೆ. ಸತ್ತ ಗಾರೆಯಣ್ಣನೂ ನಮ್ಮೋರೂ ಹದಿನೈದು ವರ್ಷ ಜೊತೇಲಿ ದುಡಿದೋರು. ನಮ್ಮ ಕೈಯಿಂದ್ಲೇ ಸತ್ತ ಅಂತ ಅವನ ಹೆಂಡತಿ ಅಂದ್ಕೊಂಡಿದಾಳೆ."

ಅಳತೆ ಅಕ್ಕ ಎಂದರೆ ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಗೊತ್ತು. ಕಟ್ಟಡ ಸಾಮಗ್ರಿಗಳ ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ಇದ್ದವರು. ಅಲ್ಲಿ ನಾನು ಅವರ ಸಹಾಯಕನಾಗಿದ್ದೆ. ಇಬ್ಬರೂ ನಿವೃತ್ತರಾದ ಮೇಲೂ ಟಿಪ್ಪಣಿ ಪುಸ್ತಕ ಹಿಡಿದು ಅವರ ಹಿಂದೆ ತಿರುಗುವುದು ತಪ್ಪಿರಲಿಲ್ಲ.

ನಡೆದದ್ದು ಇಷ್ಟು. ಪಕ್ಕದ ಬೀದಿಯ ಮನೆಯ ಯಜಮಾನರು, ಮೆಟ್ಟಿಲು ಹತ್ತಲಾಗದ ತಾಯಿಗಾಗಿ ಕೆಳಗೊಂದು ಕೋಣೆ ಸೇರಿಸುತ್ತಿದ್ದರು. ಹಿಂದಿನ ಗೋಡೆಯನ್ನು ನಾಲ್ಕು ಮೀಟರ್ ಅಗಲಕ್ಕೆ ಒಡೆದು, ಮೇಲಿನ ಗೋಡೆಯ ಭಾರ ಹೊರಲು ಬೀಮು, ಅಂದರೆ ಉಕ್ಕಿನ ತೊಲೆ ಕೂರಿಸಬೇಕಿತ್ತು. ನಕ್ಷೆ ಮಾಡಿದವರು ಯಜಮಾನರ ಅಕ್ಕನ ಗಂಡ, ಇಂಜಿನಿಯರ್. ತೊಲೆ ಮಾಡಿಕೊಟ್ಟವನು ವೆಲ್ಡರ್. ಗಾರೆಯವನು ಬುಧವಾರ ಅದನ್ನು ಕೂರಿಸಿ, ಗಾರೆ ಗಟ್ಟಿಯಾಗಲೆಂದು ನಾಲ್ಕು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ ತಾತ್ಕಾಲಿಕ ಆಸರೆಗಿಟ್ಟ ಕೊನೆಯ ಜಾಕಿ ತೆಗೆದ. ತೊಲೆಯ ಬಲತುದಿ ಗೋಡೆಯಲ್ಲಿ ಅದಕ್ಕೆಂದು ಕೊರೆದ ಗೂಡಿನಿಂದ ಜಾರಿತು. ಅವನು ಅದರಡಿಯಲ್ಲೇ ಇದ್ದ.

ವೆಲ್ಡರನ ಹೆಂಡತಿ ವರ್ಕ್‌ಶಾಪಿನ ಗೋಡೆಯಿಂದ ನಕ್ಷೆಯ ಪ್ರತಿ ಕಿತ್ತು ತಂದಿದ್ದಳು. ನಾಲ್ಕು ಮೀಟರಿನ ಕಿಂಡಿ, ಎರಡೂ ಕಡೆ ಗೋಡೆಯೊಳಗೆ ಹದಿನೈದು ಸೆಂಟಿಮೀಟರ್ ಆಸರೆ, ಒಟ್ಟು ನಾಲ್ಕು ಮೀಟರ್ ಮೂವತ್ತರ ತೊಲೆ, ಮೂಲೆಯಲ್ಲಿ ಹಿಂದಿನ ತಿಂಗಳ ತಾರೀಕು. ಬೇರೇನೂ ಇರಲಿಲ್ಲ.

"ಬೀಮು ಕತ್ತರಿಸಿದ ಮೇಲೆ ನಿಮ್ಮೋರು ಏನು ಮಾಡ್ತಾರೆ?" ಅಕ್ಕ ಕೇಳಿದರು.

"ಬಣ್ಣ ಬಳೀತಾರೆ. ಆಮೇಲೆ ನಟ್ಟನಡುವೆ ಪಂಚಿನಿಂದ ಮೂರು ಚುಕ್ಕಿ ಹೊಡೀತಾರೆ. ಗಾರೆಯಣ್ಣ ಟೇಪ್ ಮುಟ್ಟೋದೇ ಇಲ್ಲ, ಚುಕ್ಕಿ ನೋಡಿ ಕೂರಿಸೋನು. ಇಬ್ಬರದೂ ಅದೇ ರೂಢಿ."

ತೊಲೆ ಆ ಮನೆಯ ಹಿತ್ತಿಲಿನಲ್ಲಿ ಇಟ್ಟಿಗೆಯ ಚೂರುಗಳ ನಡುವೆ ಮಲಗಿತ್ತು.

"ರಿಟೈರ್ ಆದ್ರೂ ಟೇಪ್ ಬಿಡಲ್ವಲ್ಲ ನೀವು," ಎಂದರು ಅಲ್ಲಿದ್ದ ಪೊಲೀಸ್ ಇನ್ಸ್‌ಪೆಕ್ಟರು. "ನಾವು ಅಳೆದಾಯ್ತು. ನಾಲ್ಕು ಹದಿನೆಂಟು. ಹನ್ನೆರಡು ಸೆಂಟಿಮೀಟರ್ ನುಂಗಿದಾನೆ ಪುಣ್ಯಾತ್ಮ."

"ನೀವು ತುದಿಯಿಂದ ತುದಿಗೆ ಅಳೆದ್ರಿ ಸಾರ್. ನಾನು ನಡುವಿನಿಂದ ಅಳೀತೀನಿ."

ಚುಕ್ಕಿಗಳಿಂದ ಎಡತುದಿಗೆ ಇನ್ನೂರ ಹದಿನೈದು, ಬಲತುದಿಗೆ ಇನ್ನೂರ ಮೂರು ಎಂದು ಬರೆದುಕೊಂಡೆ. ಎಡತುದಿಯಲ್ಲಿ ಗ್ಯಾಸ್ ಕಟರಿನ ಜ್ವಾಲೆ ಬಿಟ್ಟ ಒರಟು ಅಲೆಗಳಿದ್ದವು. ಬಲತುದಿಯಲ್ಲಿ ಬಣ್ಣದಡಿ ನಯವಾದ, ಬಾಗಿದ ಗೀರುಗಳು. ಗೋಡೆಯ ಎಡಗೂಡು ಹದಿನೆಂಟು ಸೆಂಟಿಮೀಟರ್ ಆಳ. ಅದರಾಚೆ ಮೆಟ್ಟಿಲಿನ ಕಲ್ಲು. ಬಲಗೂಡಿನಲ್ಲಿ ಹತ್ತು ಸೆಂಟಿಮೀಟರ್ ಒಳಗೆ ಹಳೆಯ ನೀರಿನ ಪೈಪು ಅಡ್ಡ ನಿಂತಿತ್ತು. ಅದರ ಕೆಳಗೆ ಗಾರೆಯವನು ಪೆನ್ಸಿಲಿನಲ್ಲಿ ಬರೆದಿದ್ದ: ಪೈಪಿಗೆ ಜಾಗ.

"ಈ ಪೈಪು ಇರೋದು ನಮಗೇ ಗೊತ್ತಿರ್ಲಿಲ್ಲ," ಎಂದರು ಯಜಮಾನರು. "ಬೀಮು ಕೂರಿಸೋಕೆ ಎರಡು ದಿನ ಮುಂಚೆ, ಸೋಮವಾರ ಗೂಡು ಒಡೆದಾಗ ಕಾಣಿಸ್ತು." ಮರುದಿನ ಇಲ್ಲಿ ಯಾರಿದ್ದರು, ಕತ್ತರಿಸುವ ಯಂತ್ರವೇನಾದರೂ ಇತ್ತೇ ಎಂದು ಅಕ್ಕ ಕೇಳಿದರು. " ಮಂಗಳವಾರ ನಾನು ಅಮ್ಮನ ಜೊತೆ ಆಸ್ಪತ್ರೇಲಿದ್ದೆ. ಕೆಲಸಕ್ಕೂ ರಜ. ಹಿತ್ತಿಲು ತೆರೆದೇ ಇತ್ತು, ಬೀಮೂ ಟೈಲ್ಸ್ ಕತ್ತರಿಸೋ ಗ್ರೈಂಡರೂ ಇಲ್ಲೇ ಬಿದ್ದಿದ್ವು. ಯಾರು ಬೇಕಾದ್ರೂ ಬರಬಹುದಿತ್ತು."

ಇಂಜಿನಿಯರ್ ತಮ್ಮ ನಕ್ಷೆಯನ್ನು ಜಗಲಿಯ ಮೇಲೆ ಬಿಡಿಸಿದರು. ಅದೇ ತಾರೀಕು. ಬಲಗೂಡಿನಲ್ಲಿ ನೀಲಿ ಗೆರೆ. ಪಕ್ಕದಲ್ಲಿ 'ಮೊದಲು ಪೈಪು ಸ್ಥಳಾಂತರಿಸಿ' ಎಂಬ ಸೂಚನೆ. "ತಿಂಗಳ ಹಿಂದೇನೇ ಬರೆದುಕೊಟ್ಟಿದ್ದೆ ಮೇಡಂ. ಗಾರೆಯವನು ಓದಲಿಲ್ಲ, ವೆಲ್ಡರ್ ಉದ್ದ ಕೊಡಲಿಲ್ಲ. ನಾನೇನು ಮಾಡ್ಲಿ?"

ಅಕ್ಕ ಆ ಹಾಳೆಯನ್ನು ಕೇಳಿ ಇಸಿದುಕೊಂಡರು.

ಮರುದಿನ ಮಧ್ಯಾಹ್ನ ಅದೇ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರು ವೆಲ್ಡರನನ್ನೂ ಕರೆತಂದಿದ್ದರು. ಅವನು ಹೆಂಡತಿಯ ಕಡೆಗೂ ನೋಡದೆ ಗೋಡೆಗೊರಗಿ ನಿಂತ.

"ಇವರು ಬೀಮನ್ನ ಗಿಡ್ಡ ಮಾಡಿದ್ರೆ ಚುಕ್ಕಿ ಆ ಗಿಡ್ಡ ಬೀಮಿನ ನಡುವೆ ಇರ್ಬೇಕಿತ್ತು," ಅಕ್ಕ ಶುರುಮಾಡಿದರು. "ಇಲ್ಲ. ಎಡಕ್ಕೆ ಇನ್ನೂರ ಹದಿನೈದು ಇದೆ, ಅಂದ್ರೆ ನಾಲ್ಕು ಮೂವತ್ತರ ಸರಿ ಅರ್ಧ. ಬಲಗಡೆ ಮಾತ್ರ ಹನ್ನೆರಡು ಕಮ್ಮಿ. ಚುಕ್ಕಿ ಬಿದ್ದ ಮೇಲೆ, ಗ್ರೈಂಡರಿನಿಂದ ಯಾರೋ ಕತ್ತರಿಸಿ ಬಣ್ಣ ಬಳಿದಿದಾರೆ."

"ಯಾಕೆ?" ಇನ್ಸ್‌ಪೆಕ್ಟರು ಕೇಳಿದರು.

"ಬೀಮು ಗೋಡೆಗೆ ಹೋಗ್ಬೇಕಾದ್ರೆ ಮೊದಲು ಒಂದು ಗೂಡಿನ ಆಳಕ್ಕೆ ನೂಕಿ, ಆಮೇಲೆ ಇನ್ನೊಂದು ಗೂಡಿಗೆ ಎಳೀಬೇಕು. ಬಲಗಡೆ ಪೈಪು, ನೂಕೋಕಾಗಲ್ಲ. ಎಡಗಡೆ ಹದಿನೆಂಟೇ ಆಳ. ಕಿಂಡಿ ನಾಲ್ಕು ಮೀಟರ್. ಹಾಗಾಗಿ ನಾಲ್ಕು ಹದಿನೆಂಟರ ಬೀಮು ಮಾತ್ರ ಹೋಗುತ್ತೆ. ಕತ್ತರಿಸಿದವರು ಲೆಕ್ಕ ಹಾಕಿ ಕತ್ತರಿಸಿದಾರೆ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು ಕೂತಿದ್ರೆ ಬೀಮು ಬೀಳ್ತಿರ್ಲಿಲ್ಲ. ಆದ್ರೆ ಗಾರೆಯಣ್ಣ ಚುಕ್ಕೀನ ಕಿಂಡಿಯ ನಡುವಿಗೆ ತಂದು ನಿಲ್ಲಿಸಿದ. ಎಡಕ್ಕೆ ಹದಿನೈದು ಬಂತು, ಬಲಕ್ಕೆ ಮೂರೇ ಮೂರು. ಅಲ್ಲಿ ಖಾಲಿ ಕಂಡರೂ ಅವನಿಗೆ ಅನುಮಾನ ಬರ್ಲಿಲ್ಲ. ಪೈಪಿಗೆ ಜಾಗ ಬಿಡು ಅಂತ ಯಾರೋ ಮೊದಲೇ ಹೇಳಿದ್ರಲ್ಲ."

ಅಕ್ಕ ಎರಡೂ ನಕ್ಷೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. "ಎರಡಕ್ಕೂ ಒಂದೇ ತಾರೀಕು, ಪೈಪು ಮಾತ್ರ ಒಂದರಲ್ಲೇ. ಇಲ್ಲೇ ಬೆಳೆದ ಯಜಮಾನರಿಗೂ ಗೊತ್ತಿಲ್ಲದ ಪೈಪು ಕಂಡಿದ್ದು ಆ ಸೋಮವಾರ. ತಿಂಗಳ ಹಿಂದಿನ ನಿಮ್ಮ ನಕ್ಷೆಗೆ ಅದು ಹೇಗೆ ಬಂತು ಸಾರ್?"

ಇಂಜಿನಿಯರ್ ತಮ್ಮ ನಕ್ಷೆಯನ್ನು ಮಡಚಿಟ್ಟರು.

"ಅತ್ತೆ ಆಸ್ಪತ್ರೆಯಿಂದ ಬರೋಷ್ಟರಲ್ಲಿ ಮುಗಿಸ್ಬೇಕಿತ್ತು," ಎಂದರು. "ಪೈಪನ್ನ ಗಾರೆಯವನೇ ತೋರಿಸ್ದ. ತೆಗೆಸೋಕೆ ಹದಿನೈದು ದಿನ. ಗೋಡೆ ಸರಿಯಾಗಿ ನೋಡದೇ ನಕ್ಷೆ ಮಾಡಿದಾನೆ ಅಂತ ಈ ಮನೇಲಿ ಆಡ್ಕೋತಿದ್ರು. ಅದಕ್ಕೇ ಮಂಗಳವಾರ ನಾನೇ ಕತ್ತರಿಸ್ದೆ. ಒಂಬತ್ತು ಸಾಕಿತ್ತು ಮೇಡಂ. ನನ್ನ ಲೆಕ್ಕ ತಪ್ಪಿರ್ಲಿಲ್ಲ."

"ತಪ್ಪಿರ್ಲಿಲ್ಲ. ನಾನೂ ಹಾಕಿ ನೋಡಿದೆ. ಕೂರಿಸೋನಿಗೆ ಮಾತ್ರ ನೀವು ಹೇಳ್ಲಿಲ್ಲ. ಅವನು ಸತ್ತ ಮೇಲೂ ಹೇಳ್ಲಿಲ್ಲ. ಹೊಸ ನಕ್ಷೆ ಬರೆದು ಇವನನ್ನ ಮುಂದೆ ತಳ್ಳಿದ್ರಿ."

ಯಜಮಾನರು "ಭಾವಾ" ಎಂದಷ್ಟೇ ಅಂದು ಮುಖ ತಿರುಗಿಸಿದರು.

ವೆಲ್ಡರ್ ಮೊದಲ ಬಾರಿ ಬಾಯಿ ಬಿಟ್ಟ. "ನಾನು ಚುಕ್ಕಿ ಹೊಡೀದೇ ಇದ್ದಿದ್ರೆ ಅವನು ಟೇಪ್ ಹಿಡೀತಿದ್ದ ಅಲ್ವಾ ಅಕ್ಕಾ?"

ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹಿಡೀತಿದ್ದ," ಎಂದರು. "ಆದ್ರೂ ನಿಮ್ಮ ಚುಕ್ಕಿ ಸರಿಯಾಗೇ ಇತ್ತು. ನಿಮ್ಮಿಬ್ಬರ ಮಧ್ಯೆ ಮೂರನೆಯವರು ಬಂದಿದ್ದು ನಿಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ."

ಇಂಜಿನಿಯರನ್ನು ಜೀಪಿಗೆ ಹತ್ತಿಸಿ ಬಂದ ಇನ್ಸ್‌ಪೆಕ್ಟರು, ಇನ್ನು ಮನೆಗೆ ಹೋಗಬಹುದು ಎಂದು ವೆಲ್ಡರನಿಗೆ ಹೇಳಿದರು. ಹೆಂಡತಿ ಅವನ ತೋಳು ಹಿಡಿದಳು.

"ಮನೆಗೆ ಆಮೇಲೆ ಹೋಗೋಣ," ಎಂದ ಅವನು. "ಮೊದಲು ಅವನ ಹೆಂಡತಿ ಹತ್ರ. ನಾನೊಬ್ಬನೇ ಹೇಳಿದ್ರೆ ನಂಬಲ್ಲ. ಅಕ್ಕಾ, ನೀವೂ ಬರ್ತೀರಾ?"

ಅಕ್ಕ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.