ಒಣಗಿದ ಪೈಪಿನ ಸದ್ದು

ಒಂದೂರಲ್ಲಿ ಒಂದು ಪೇಟೆಯಿತ್ತಂತೆ. ಬದುಕಿದ್ದವರಲ್ಲಿ ಬಹುಮಂದಿ ಅದನ್ನು ಬಿಟ್ಟುಹೋದರೂ ಸತ್ತವರು ಬಿಟ್ಟಿರಲಿಲ್ಲವಂತೆ. ಅಲ್ಲೊಂದು ಗೋಡೆ, ಗೋಡೆಯೊಳಗೊಂದು ಕಬ್ಬಿಣದ ಪೈಪು. ಯಾರೂ ಮುಟ್ಟದಿದ್ದರೂ ಅದು ಟಕ್... ಟಕ್... ಎನ್ನುತ್ತಿತ್ತು.

ಅಜ್ಜಿ ಹೇಳುವ ಕಥೆಯಾಗಿದ್ದರೆ ಒಳಗೊಬ್ಬ ರಾಜಕುಮಾರಿ ಇರುತ್ತಿದ್ದಳು. ಇಲ್ಲಿದ್ದವಳು ಒಬ್ಬ ಅಮ್ಮ. ಹಾಗೆಂದು ನಂಬಿದ್ದವನು ಅವಳ ಗಂಡ.

ಮುಚ್ಚಿಹೋಗಿದ್ದ ಅವರ ಲಾಂಡ್ರಿಯನ್ನು ಮತ್ತೆ ತೆರೆಯಲು ಮಗಳು ಬಂದ ಬೆಳಿಗ್ಗೆ, ಅಪರಿಚಿತನೊಬ್ಬ ಹೊರಗೋಡೆಗೆ ಸಲಾಕೆಯೊತ್ತಿ, ಅದರ ತುದಿಗೆ ಕಿವಿಯಿಟ್ಟು, ಕಣ್ಮುಚ್ಚಿ ನಿಂತಿದ್ದ.

"ಯಾರ್ರೀ ನೀವು? ನಮ್ಮ ಗೋಡೇಲಿ ಏನು ಕೇಳ್ತಿದೀರಿ?"

ಅವನು ಸುಮ್ಮನಿರುವಂತೆ ಬೆರಳೆತ್ತಿದ. ಆಮೇಲೆ ಕಣ್ತೆರೆದ. ಆ ಕಣ್ಣು ನೋಡಿ ಅವಳು ಬೈಯುವುದನ್ನೇ ಮರೆತಳು.

"ನಗರಸಭೆ ನೀರಿನವನು, ಮೇಡಂ. ಸೋರಿಕೆ ಹುಡುಕ್ತಿದ್ದೆ. ನಿಮ್ಮ ಗೋಡೆ ತುಂಬಾ ಮಾತಾಡುತ್ತೆ."

"ನನ್ನಷ್ಟಿಲ್ಲ ಬಿಡಿ."

ಅವನು ನಕ್ಕ. ಅಂದೇ ಮಾತು ಕೊಟ್ಟ: ಅಂಗಡಿ ತೆರೆಯುವುದರೊಳಗೆ ಹಳೇ ಪೈಪು ತೆಗೆದು ಹೊಸ ನೀರು ತರುತ್ತೇನೆ.

ಪೇಟೆ ಮೈಮುರಿದು ಏಳುತ್ತಿತ್ತು. ಹೊಸ ಕಾಲುದಾರಿ, ಬಿಳಿ ಬೀದಿದೀಪ, ಮೂಲೆಯಲ್ಲಿ ಪುಸ್ತಕದಂಗಡಿ, ಎದುರಿಗೆ ಸೈಕಲ್ ಬಾಡಿಗೆಯವನು. ಲಾಂಡ್ರಿಯಿದ್ದ ಜಾಗದಲ್ಲಿ ಅವಳದು ಮಾಸಿದ ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಶನಿವಾರ ಸಂಜೆಯೊಳಗೆ ನೀರು ಬರದಿದ್ದರೆ ಪರವಾನಗಿ ರದ್ದು, ಮಳಿಗೆ ಬೇರೆಯವರ ಪಾಲು.

ಅಪ್ಪ ಮಾತ್ರ ಒಳಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಹಿಂದೆ ಅಮ್ಮ ಹಿತ್ತಲಲ್ಲಿ ಒಗೆದು ಮುಗಿಸಿದಾಗ ಪೈಪಿಗೆ ತಟ್ಟುತ್ತಿದ್ದಳು. ಒಳಗಿಂದ ಅಪ್ಪ ಇಸ್ತ್ರಿಪೆಟ್ಟಿಗೆಯ ಹಿಡಿಯಿಂದ ತಟ್ಟಿ, ಬಂದೆ ಎನ್ನುತ್ತಿದ್ದ. ಅವಳು ತೀರಿಹೋದ ಮೇಲೂ ಪೈಪು ತಟ್ಟುತ್ತಿತ್ತು. ಪಕ್ಕದವರು ನಲ್ಲಿ ಮುಚ್ಚಿದಾಗ ನೀರು ಒದೆಯುವ ಸದ್ದು ಅದು ಎಂದು ಮಗಳು ಎಷ್ಟು ಹೇಳಿದರೂ ಅಪ್ಪ ಉತ್ತರ ಕೊಡುತ್ತಲೇ ಇದ್ದ.

ಪಕ್ಕದವರಿಗೆಲ್ಲ ಹೊಸ ಪೈಪು ಬಂತು. ಹಳೆಯದು ಒಣಗಿತು.

ಅಂದೂ ಮುಸ್ಸಂಜೆ ಗೋಡೆ ತಟ್ಟಿತು. ಟಕ್... ಟಕ್...

ಅವಳು ನಲ್ಲಿ ತಿರುಗಿಸಿ ನೋಡಿದಳು; ಒಂದು ಹನಿಯೂ ಬರಲಿಲ್ಲ. 'ನೀರೇ ಇಲ್ಲವಲ್ಲ... ಹಾಗಾದರೆ ಅಪ್ಪ ಹೇಳಿದ್ದೇ ನಿಜವೇ?'

ನೀರಿನವನು ದಿನವೂ ಬರುತ್ತಿದ್ದ, ನಾಳೆ ಎನ್ನುತ್ತಿದ್ದ, ಅವಳನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಅವನ ಹೆಜ್ಜೆ ಕೇಳಿದರೆ ಅವಳಿಗೆ ಭಯ ಮರೆತುಹೋಗುತ್ತಿತ್ತು. ಗುರುವಾರವಾದರೂ ಅವನು ಕೆಲಸ ಹಿಡಿಯದಿದ್ದಾಗ ಮಾತ್ರ ಶನಿವಾರಕ್ಕೆ ಉಳಿದ ದಿನ ಎಣಿಸತೊಡಗಿದಳು.

ಆ ಸಂಜೆ ಸದ್ದಿನ ಜಾಡು ಹಿಡಿದು ಹೊರಬಂದಳು. ಬೀದಿಯ ಗುಂಡಿಯ ಮುಚ್ಚಳ ತೆರೆದಿತ್ತು. ಅವನು ಮಂಡಿಯೂರಿ ಸ್ಪ್ಯಾನರ್‌ನಿಂದ ಪೈಪಿಗೆ ತಟ್ಟುತ್ತಿದ್ದ.

"ಸತ್ತವಳನ್ನ ಅಣಕಿಸ್ತಿದೀರಾ?"

ಅವನು ಸ್ಪ್ಯಾನರ್ ಕೆಳಗಿಟ್ಟ. ಪೈಪು ಯಾವ ಮನೆಗೆ ಹೋಗಿದೆಯೆಂದು ತಟ್ಟಿ ತಿಳಿಯುವುದು ತಮ್ಮ ಪದ್ಧತಿ, ಮೊದಲ ಸಲ ತಟ್ಟಿದಾಗ ಒಳಗಿಂದ ಯಾರೋ ಓಗೊಟ್ಟರು, ಕಿಟಕಿಯಲ್ಲಿ ಇಣುಕಿದರೆ ಅಪ್ಪ ಗೋಡೆಗೆ ಕೆನ್ನೆಯಿಟ್ಟು ಅಳುತ್ತಿದ್ದರು ಎಂದ.

"ಆಮೇಲೆ ಈ ಪೈಪು ಕತ್ತರಿಸೋಕೆ ಕೈ ಬರ್ಲಿಲ್ಲ. ದಿನಾ ಸಂಜೆ ಬಂದು ತಟ್ಟಿದೆ."

"ನನ್ನ ಬದುಕು ಕತ್ತರಿಸೋಕೆ ಬಂತಾ? ಇನ್ನು ಈ ಕಡೆ ಬರಬೇಡಿ."

ಮರುದಿನ ಸಂಜೆ ಗೋಡೆ ಮೌನವಾಗಿತ್ತು. ಅಪ್ಪ ಬಹಳ ಹೊತ್ತು ಕಾದ.

"ಆ ನಲ್ಲಿ ಹುಡುಗ ಎಲ್ಲಿ ಪುಟ್ಟೀ? ಹುಷಾರಿಲ್ವಾ?"

ಅವಳು ಅವನತ್ತ ತಿರುಗಿದಳು. "ಅಪ್ಪಾ... ನಿಂಗೆ ಗೊತ್ತಿತ್ತಾ?"

"ಅವಳ ಜೊತೆ ಬಾಳಿದವನಿಗೆ ಅವಳ ಕೈ ಗೊತ್ತಾಗಲ್ವಾ? ನಿಮ್ಮಮ್ಮ ತಟ್ಟಿದ್ರೆ ಬೈದ ಹಾಗಿರ್ತಿತ್ತು. ಇವನು ಕ್ಷಮೆ ಕೇಳಿದ ಹಾಗೆ ತಟ್ತಾನೆ."

"ಮತ್ಯಾಕೆ ಉತ್ತರ ಕೊಟ್ಟೆ?"

"ಪಾಪ, ನನಗೋಸ್ಕರ ಮಂಡಿಯೂರಿ ಕೂತಿರ್ತಾನೆ. ಸುಮ್ಮನಿದ್ರೆ ನೊಂದ್ಕೋತಾನೆ." ಅಪ್ಪ ಗೋಡೆ ಸವರಿದ. "ನೀರಿದ್ದಾಗ ತಟ್ಟಿದ್ದು ಅವಳೇ. ಅದೊಂದು ನನಗೆ ಬಿಟ್ಬಿಡು. ಅವನನ್ನ ಕರ್ಕೊಂಡ್ ಬಾ, ಪೈಪು ತೆಗೀಲಿ."

ಶನಿವಾರ ಬೆಳಿಗ್ಗೆ ಅವಳು ನೀರಿನ ಕಚೇರಿಗೆ ಓಡಿದಳು. ಅವನು ಸಲಕರಣೆ ಹೊತ್ತು ಹಿಂದೆ ಬಂದ.

ಅವನು ಗರಗಸ ಎಳೆಯುವಾಗ ಪೈಪು ಅಲುಗದಂತೆ ಹಿಡಿದಿದ್ದವನು ಅಪ್ಪನೇ. ತುಂಡು ಕಳಚಿದಾಗ ಗೋಡೆಯ ತೂತಿನಿಂದ ತಣ್ಣನೆಯ ಗಾಳಿ ಬಂತು. ಯಾರೋ ಹಿಡಿದಿಟ್ಟಿದ್ದ ಉಸಿರು ಬಿಟ್ಟಂತೆ... ಅಪ್ಪ ತುಂಡನ್ನು ಎದೆಗವಚಿಕೊಂಡು ಹೊರಗಿನ ಬಿಸಿಲಿಗೆ ನಡೆದ.

ಮಧ್ಯಾಹ್ನ ಹೊಸ ಪೈಪು ಕೂತಿತು. ಅವಳು ನಲ್ಲಿ ತಿರುಗಿಸಿದಳು. ಮೊದಲು ಕೆಮ್ಮು, ಆಮೇಲೆ ಕೆಸರು, ಆಮೇಲೆ ತಿಳಿನೀರು.

"ಕೊಟ್ಟ ಮಾತು ಮುಗೀತು," ಎಂದ ಅವನು, ತಲೆಯೆತ್ತದೆ. "ಇನ್ನು ಈ ಬೀದೀಲಿ ನನಗೆ ಕೆಲಸ ಇಲ್ಲ."

"ಕೆಲಸ ಇದ್ರೆ ಮಾತ್ರ ಬರ್ತೀರಾ?"

"ಕೆಲಸ ಅಂತ ಬಂದದ್ದು ಮೊದಲನೇ ದಿನ ಮಾತ್ರ ರೀ."

ಅವಳು ಒದ್ದೆ ಕೈಯನ್ನು ಅವನ ಅಂಗೈಯಲ್ಲಿಟ್ಟಳು. ಬಣ್ಣದ ತೊಟ್ಟಿ ತುಂಬಿ ಹೊರಚೆಲ್ಲುವವರೆಗೂ ನಲ್ಲಿ ನಿಲ್ಲಿಸಬೇಕೆಂದು ನೀರಿನವನಿಗೂ ಹೊಳೆಯಲಿಲ್ಲ.