ಸೂರ್ಯನ ಹೊಟ್ಟೆಯೊಳಗಿನ ದುಂಬಿ

ಬಹುಕಾಲದ ಹಿಂದೆ ಹೊಂಬೆಟ್ಟವೆಂಬ ರಾಜ್ಯದಲ್ಲಿ ಚಿತ್ರಾಂಬೆ ಎಂಬ ರಾಣಿಯಿದ್ದಳು. ಅವಳ ಗಂಡನನ್ನು ಧೂಮಾಕ್ಷನೆಂಬ ಮಾಂತ್ರಿಕ ಕಲ್ಲು ಮಾಡಿಬಿಟ್ಟಿದ್ದ. ಅಮಾವಾಸ್ಯೆಯೊಳಗೆ ಮಾಂತ್ರಿಕ ಸಾಯದಿದ್ದರೆ ಆ ಕಲ್ಲು ಪುಡಿಯಾಗುತ್ತಿತ್ತು. ಮಾಂತ್ರಿಕನ ಜೀವವಿದ್ದದ್ದು ಒಂದು ಕರಿದುಂಬಿಯಲ್ಲಿ, ದುಂಬಿಯಿದ್ದದ್ದು ಸೂರ್ಯನ ಹೊಟ್ಟೆಯೊಳಗೆ. ಬೇರೆ ಮಾಂತ್ರಿಕರಿಗೆ ಏಳು ಸಮುದ್ರದಾಚೆಯ ಗಿಳಿ ಸಾಕು. ಈ ಪುಣ್ಯಾತ್ಮನಿಗೆ ಸಾಲಲಿಲ್ಲ!

ರಾಣಿ ಸೂರ್ಯನನ್ನೇ ಕೇಳಿದಳು.

“ಒಳಗೇನೋ ಕಡಿಯುತ್ತಿದೆ ಮಗಳೇ. ನನ್ನ ಹೊಟ್ಟೆ ನನಗೆ ಕಾಣುತ್ತದೆಯೆ? ಎಲ್ಲೆಂದು ಹೇಳು, ಕೆರೆದುಕೊಳ್ಳುತ್ತೇನೆ. ಆದರೆ ಒಮ್ಮೆ ಮಾತ್ರ. ಕಂಡಕಂಡಲ್ಲಿ ಕೆರೆದರೆ ನಿನ್ನ ನಾಡೇ ಸುಟ್ಟೀತು” ಎಂದ ಸೂರ್ಯ.

ಸೂರ್ಯನ ಮೈ ಸದಾ ಅದುರುತ್ತಿರುತ್ತದೆ. ಆ ಅದುರು ಒಳಗಿಳಿದು ತಿರುಗಿ ಮೇಲೆ ಬರುತ್ತದೆ. ದಾರಿಗೆ ಏನಾದರೂ ಅಡ್ಡವಿದ್ದರೆ ತಡವಾಗುತ್ತದೆ. ರಾಣಿ ಕಂಚಿನ ಹರಿವಾಣದಲ್ಲಿ ರಾಗಿಹಿಟ್ಟು ಹರಡಿ ಬಿಸಿಲಿಗೆ ಹಿಡಿದಳು. ಸೂರ್ಯ ಅದುರಿದಂತೆಲ್ಲ ಹಿಟ್ಟು ಕುಣಿದು ಗೆರೆಗೆರೆಯಾಯಿತು. ಆ ಗೆರೆಗಳೆಲ್ಲ ಕೂಡಿಬಂದರೆ ಅದುರು ಎಲ್ಲಿ ತಡವಾಯಿತೆಂದು, ಅಂದರೆ ದುಂಬಿ ಎಲ್ಲಿದೆಯೆಂದು, ತಿಳಿಯುತ್ತಿತ್ತು.

ಮೊದಲ ದಿನ ಗೆರೆಗಳು ಕೂಡಿಬರುವಷ್ಟರಲ್ಲಿ ಸೂರ್ಯ ಮುಳುಗಿದ. ಹಿಟ್ಟು ಸಪ್ಪಗೆ ಮಲಗಿತು.

“ಇವನಿಗೂ ಈಗಲೇ ಮುಳುಗಬೇಕಿತ್ತೆ!” ಎಂದಳು ರಾಣಿ.

ಎರಡನೆಯ ದಿನ ನಾಡಿನ ಪದ್ಧತಿ ಅಡ್ಡ ಬಂತು. ಅಲ್ಲಿ ಜಾವಜಾವಕ್ಕೂ ಸೂರ್ಯನಿಗೆ ನಗಾರಿ ಬಾರಿಸಬೇಕು. ರಾಣಿಗೆ ನೆರವಾಗಲೆಂದು ಮಂತ್ರಿ ಅಂದು ಇನ್ನಷ್ಟು ನಗಾರಿ ತರಿಸಿದ. ಹಿಟ್ಟೆಲ್ಲ ನಗಾರಿಯ ತಾಳಕ್ಕೇ ಕುಣಿಯಿತು.

“ಮಂತ್ರಿಗಳೇ, ನಿಮ್ಮ ಉಪಕಾರ ಸಾಕು!” ಎಂದು ರಾಣಿ ಹಣೆ ಚಚ್ಚಿಕೊಂಡಳು. ಮರುದಿನವೇ ಅಮಾವಾಸ್ಯೆ.

ಮೂರನೆಯ ದಿನ ಅವಳು ಗಂಡಭೇರುಂಡವನ್ನೇರಿ, ಸೂರ್ಯನ ಬೆನ್ನು ಹತ್ತಿ ಪಡುವಲಿಗೆ ಹಾರಿದಳು. ಜೊತೆಜೊತೆಗೇ ಹಾರಿದರೆ ಅವನು ಮುಳುಗುವುದೆಲ್ಲಿ, ನಗಾರಿ ಕೇಳುವುದೆಲ್ಲಿ? ಆದರೆ ಹಕ್ಕಿಗೆ ಎರಡು ತಲೆ ನೋಡಿ. “ಎಡಕ್ಕೆ ಹೋಗೋಣ” ಎಂದಿತು ಒಂದು. “ನಿನಗೇನು ಗೊತ್ತು, ಬಲಕ್ಕೆ!” ಎಂದಿತು ಇನ್ನೊಂದು. ಜಗಳದಲ್ಲಿ ಹರಿವಾಣ ಗಡಗಡ ನಡುಗಿತು.

“ಅಲ್ಲಿ ನನ್ನ ಗಂಡ ಪುಡಿಯಾಗುವ ಹೊತ್ತು, ಇಲ್ಲಿ ನಿಮ್ಮದು ಎಡಬಲದ ರಗಳೆ! ಬಾಯಿ ಮುಚ್ಚಿಕೊಂಡು ಹಾರಿ!”

ಬೈಯುತ್ತಿದ್ದವಳ ಕಣ್ಣಲ್ಲಿ ನೀರು ಕಂಡು ಎರಡೂ ತಲೆ ಸುಮ್ಮನಾದವು.

ಹಗಲು ಮುಗಿಯಲೇ ಇಲ್ಲ. ಗೆರೆಗಳು ಕೂಡಿಬಂದವು. ಮೇಲೆಮೇಲೆ ಸುಳಿದ ಅದುರು ಹೊತ್ತಿಗೆ ಸರಿಯಾಗಿ ಬಂತು. ನಡುಪದರ ದಾಟಿದ್ದು ತಡವಾಗಿ ಬಂತು, ಅದೂ ಎಡಮಗ್ಗುಲಲ್ಲಿ ಮಾತ್ರ.

“ಸೂರ್ಯದೇವಾ, ಎಡಮಗ್ಗುಲು, ನಡುಪದರ!” ಎಂದು ರಾಣಿ ಕೂಗಿದಳು.

ಸೂರ್ಯ ಅಲ್ಲೇ ಕೆರೆದುಕೊಂಡ. ದುಂಬಿ ಬೂದಿಯಾಗಿ ಉದುರಿತು. ಮಾಂತ್ರಿಕ ಇದ್ದಲ್ಲೇ ಸತ್ತ.

ಅರಮನೆಗೆ ಬಂದರೆ ರಾಜ ಕಣ್ಣುಜ್ಜಿಕೊಳ್ಳುತ್ತಾ ಎದ್ದು ಕೂತಿದ್ದ. ಹೆಂಡತಿಯನ್ನು ನೋಡಿ, “ಇದೇನು, ಮುಖವೆಲ್ಲ ಕಪ್ಪಿಟ್ಟಿದೆಯಲ್ಲ! ಸ್ವಲ್ಪ ನೆರಳಲ್ಲಿ ಕೂರಬಾರದಿತ್ತೆ?” ಎಂದ.

ಲೋಕದ ಮೇಲೆಲ್ಲ ರೇಗಿ ಬಂದಿದ್ದ ರಾಣಿಗೆ ಈ ಮಾತಿಗೆ ಮಾತ್ರ ರೇಗಲಾಗಲಿಲ್ಲ. ಅವನ ಬೆಚ್ಚನೆಯ ಕೈ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಅವರೂ ಚೆನ್ನಾಗಿದ್ದರು, ಅವರ ನಾಡೂ ಚೆನ್ನಾಗಿತ್ತು.