ಗಾಳಿಮರಕ್ಕೆ ಬಿದ್ದ ಹಗ್ಗ

“ಯಾರು ಕಟ್ಟಿದ್ದು ಇದನ್ನ? ಯಾರು?!”

ಸ್ಕೂಟಿ ನಿಲ್ಲುವ ಮೊದಲೇ ಸುಜಾತಾ ಕೂಗಿದಳು. ಆ ಸಿಟ್ಟಿಗೆ ಕಮಲಾಪುರದ ಗುಡ್ಡವೇ ನಾಲ್ಕು ಹೆಜ್ಜೆ ಹಿಂದೆ ಸರಿದಿತ್ತು, ಸುಳ್ಳಲ್ಲ!

ಗುಡ್ಡದ ಮೇಲಿತ್ತು ಅವಳ ಗಾಳಿಮರ, ಗಾಳಿಗೆ ತಿರುಗುವ ಸ್ಟೀಲಿನ ಶಿಲ್ಪ. ಮೋಡಗಳು ಬಗ್ಗಿ ದಾಟಬೇಕು, ಅಷ್ಟೆತ್ತರ! ನಂದೂರಿನ ಶೆಡ್ಡಿನಲ್ಲಿ ವರ್ಷವಿಡೀ ಬೆವರು ಸುರಿಸಿ, ಅದರ ಒಂದೊಂದು ಸ್ಟೀಲಿನ ಎಲೆಯನ್ನೂ ತಾನೇ ಬೆಸೆದಿದ್ದಳು. ಗಾಳಿಗೆ ಎಲೆಗಳು ತಿರುಗಬೇಕು. ಬಿರುಗಾಳಿಗೆ ಮಡಚಿಕೊಂಡು ದಾರಿ ಬಿಡಬೇಕು. ಇವತ್ತು ಬರಲಿರುವ ಬಿರುಗಾಳಿಗೆ ನಿಂತರೆ ಸರಿ, ಮುರಿದರೆ ವರ್ಷದ ದುಡಿಮೆ ಗುಜರಿಗೆ.

ಈಗ ನೋಡಿದರೆ ಎಲೆಎಲೆಗೂ ಹಗ್ಗ! ನೆಲಕ್ಕೆ ಗೂಟ!

ತೋಟದಿಂದ ಅಮರನಾಥ ಓಡಿಬಂದ. ಗುಡ್ಡವೂ ಅವನದೇ, ಕೆಳಗಿನ ಕೆಂಪುಬಾಳೆ ತೋಟವೂ ಅವನದೇ.

“ನಾನೇ ಕಟ್ಟೀನ್ರಿ. ದೊಡ್ಡ ಗಾಳಿ ಬರ್ತದಂತ... ಬಾಳಿಗಿಡಕ್ಕ ಕಟ್ಟಿದಂಗ...”

“ಇದೇನ್ ಬಾಳಿಗಿಡಾನಾ? ಕಟ್ಟಿದ್ರ ಎಲಿ ಮಡಚೋದು ಹ್ಯಾಂಗ? ಬುಡಾನೇ ಮುರೀತದ! ನಿಮಗ ಬೇಕಾದದ್ದೂ ಅದೇ ಏನು?”

ಮೊದಲ ದಿನವೇ “ಇದು ನಿಲ್ಲಂಗಿಲ್ರಿ” ಎಂದು ನಕ್ಕಿದ್ದನಲ್ಲ... ಥೂ! ಇಂಥವನ ಕೈಯ ಚಹಾಕ್ಕೆಂದು ಕಲಬುರಗಿಯಿಂದ ದಿನಾ ನೆಪ ಹುಡುಕಿ ಬರುತ್ತಿದ್ದೆನಲ್ಲ! ಅವಳ ಕಣ್ಣು ಉರಿಯಿತು.

ಅಮರನಾಥನ ತಾಯಿ ಗುಂಡಮ್ಮ ಕಟ್ಟೆಯಿಂದಲೇ ಗದರಿದಳು. “ಏ ಹುಡುಗಿ, ಸಾಕ್ ಮಾಡು! ಮನ್ಯಾನ ಹಗ್ಗ ಎಲ್ಲಾ ನಿನ್ನ ತಗಡಿಗಿ ಸುತ್ಯಾನ. ನಮ್ಮ ಬಾಳಿ ಹಂಗೇ ನಿಂತದ, ನೋಡು!”

ಸುಜಾತಾ ತಿರುಗಿ ನೋಡಿದಳು. ಗೊನೆ ಹೊತ್ತ ಗಿಡಗಳು... ಒಂದಕ್ಕೂ ಹಗ್ಗವಿಲ್ಲ!

ಆಕಾಶದ ತುಂಬ ಕೆಂಪು ಧೂಳೆದ್ದಿತು.

“ಕುಡುಗೋಲು ತರ್ರಿ! ನಿಂತ್ ನೋಡ್ತೀರೇನು?”

ಇಬ್ಬರೂ ಸರಸರ ಹಗ್ಗ ಕತ್ತರಿಸಿದರು. ಕೊನೆಯ ಹಗ್ಗ ಬಿಟ್ಟಿದ್ದೇ ತಡ, ಸುಜಾತಾ ಎಲ್ಲವನ್ನೂ ಬಾಚಿಕೊಂಡು ತೋಟಕ್ಕೆ ಓಡಿದಳು. ತನ್ನ ಮರದತ್ತ ತಿರುಗಿಯೂ ನೋಡಲಿಲ್ಲ.

“ನಿಮ್ಮ ಮರ...” ಅಮರನಾಥ ತಡವರಿಸಿದ.

“ಅದರ ಪಾಡು ಅದು ನೋಡ್ಕೋತದ. ಗಂಟು ಬಿಗೀರಿ!”

ಗಾಳಿ ಬಂತು ನೋಡಿ... ಬೀದರಿನ ಧೂಳು ಕಲಬುರಗಿಗೆ, ಕಲಬುರಗಿಯ ಧೂಳು ಹೈದರಾಬಾದಿಗೆ! ಒಬ್ಬರು ಗಿಡ ಹಿಡಿದರೆ ಇನ್ನೊಬ್ಬರು ಕಟ್ಟಿದರು. ಎಷ್ಟೋ ಗಿಡ ಉಳಿದವು, ಎಷ್ಟೋ ಕಣ್ಣೆದುರೇ ಮಲಗಿದವು.

ಮೇಲೆ ಗಾಳಿಮರ ಎಲೆಗಳನ್ನು ಮಡಚಿ, ಬಳುಕಿ, ಗಿರ್ರನೆ ತಿರುಗಿತು. ಮುರಿಯಲಿಲ್ಲ!

ಗಾಳಿ ತಗ್ಗಿದಾಗ ಬಿದ್ದ ಗಿಡಗಳ ನಡುವೆ ಸುಜಾತಾ ಅಳುತ್ತಾ ಅವನ ಎದೆಗೆ ಗುದ್ದಿದಳು. “ಹುಚ್ಚ! ಇಷ್ಟು ಗಿಡ ಕಳ್ಕೊಂಡಿ... ಯಾಕ?”

“ಗಿಡ ಮತ್ತ ಬರ್ತಾವ್ರಿ. ಆ ಮರ ಮುರಿದ್ರ ನೀವು ಈ ಕಡಿ ಬರ್ತಿದ್ರೇನು?”

ಅವಳ ಕೈ ಅಲ್ಲೇ ನಿಂತಿತು...

“ಇನ್ನ ಮ್ಯಾಲ ಏನರ ಮಾಡೋ ಮೊದ್ಲ ನನ್ನ ಕೇಳಬೇಕು. ತಿಳೀತಾ?”

“ಆಯ್ತು, ಈಗೇ ಕೇಳ್ತೀನಿ... ನನ್ನ ಮದುವಿ ಆಗ್ತೀರೇನ್ರಿ?”

“ಸಿಟ್ಟಿನಾಗ ಇದ್ದಾಗ ಕೇಳ್ತಾರೇನು?!”

“ನೀವು ಸಿಟ್ಟಿಲ್ದ ಯಾವಾಗ ಇರ್ತೀರಿ ಹೇಳ್ರಿ, ಆಗ ಕೇಳ್ತೀನಿ.”

ಸುಜಾತಾ ಮೂಗು ಒರೆಸಿಕೊಂಡಳು.

“...ಈಗೇ ಕೇಳೀರಲ್ಲ. ಹೂಂ ಅಂದೀನಿ, ಹೋಗ್ರಿ!”